ಬೀಟ್ ಪೊಲೀಸ್ ಮನೆಗೆ ಬಂದರೆ ಊರಿನ ಕಳ್ಳತನ ನಿಲ್ಲುತ್ತಾ?

ಹಳ್ಳಿಯಲ್ಲಿ ಯಾರ ಮನೆ ಮುಂದಾದರೂ ಪೊಲೀಸ್ ಬೈಕ್ ನಿಂತರೆ ಅಕ್ಕಪಕ್ಕದವರು ಕೇಳುವುದು ಒಂದೇ: ಏನ್ ಕೇಸಂತೆ? ಈಗ ಯಾವ ಕೇಸೂ ಇಲ್ಲದೆ ಪೊಲೀಸರು ಮನೆಗೆ ಬರುವ ಯೋಜನೆ ಬಂದಿದೆ. 2025ರ ಜುಲೈ 18ರಂದು ಗೃಹ ಸಚಿವ ಜಿ. ಪರಮೇಶ್ವರ ಬೆಂಗಳೂರಿನಲ್ಲಿ ‘ಮನೆ ಮನೆಗೆ ಪೊಲೀಸ್’ಗೆ ಚಾಲನೆ ಕೊಟ್ಟರು. ಬೀಟ್‌ನೊಳಗೆ, ಅಂದರೆ ಒಬ್ಬ ಸಿಬ್ಬಂದಿಗೆ ವಹಿಸಿದ ಗಸ್ತಿನ ಪ್ರದೇಶದೊಳಗೆ, 40–50 ಮನೆಗಳ ಗುಂಪು ಮಾಡುವುದು, ಬೀಟ್ ಸಿಬ್ಬಂದಿ ತಾವಾಗಿಯೇ ಆ ಮನೆಗಳಿಗೆ ಹೋಗುವುದು, ತೊಂದರೆ ಏನೆಂದು ಕೇಳಿ ಬರೆದುಕೊಳ್ಳುವುದು. ಯೋಜನೆಯ ತಿರುಳು ಇಷ್ಟೇ.

ಕೇಳೋಕೆ ಚೆನ್ನಾಗಿದೆ. ಆದರೂ ಜನರಿಗೆ ಗೊಂದಲ. ‘ನನ್ನ ಫೋನ್ ನಂಬರ್ ಇವರಿಗ್ಯಾಕೆ?’ ಅಂತ ಕೆಲವರು. ‘ಬ್ಯಾಂಕುಗಳನ್ನೇ ದೋಚುತ್ತಿರುವಾಗ ಮನೆಗೆ ಬಂದು ಮಾತಾಡಿಸಿದರೆ ಏನು ಬಂತು?’ ಅಂತ ಇನ್ನು ಕೆಲವರು. ಎರಡೂ ನ್ಯಾಯವಾದ ಪ್ರಶ್ನೆಗಳೇ. ಉತ್ತರ ಸಿಗುವುದು ಮಾತ್ರ ಮನೆ ಬಾಗಿಲಿನಲ್ಲಿ ಅಲ್ಲ, ಠಾಣೆಯಲ್ಲಿ. ಬಾಗಿಲಲ್ಲಿ ಹೇಳಿದ ಮಾತು ಠಾಣೆಗೆ ಹೋದ ಮೇಲೆ ಏನಾಗುತ್ತದೆ? ಅದನ್ನು ಕೇಳಿಸಿಕೊಂಡ ಕಾನ್‌ಸ್ಟೇಬಲ್ ಆ ಬೀಟ್‌ನಲ್ಲಿ ಎಷ್ಟು ದಿನ ಉಳಿಯುತ್ತಾರೆ? ಯೋಜನೆ ಗೆಲ್ಲುವುದೋ ಸೋಲುವುದೋ ಇವೆರಡರ ಮೇಲೆ ನಿಂತಿದೆ.

ಬಂದವರು ಏನು ಕೇಳಬಹುದು?

ಮೊದಲು ಭಯದ ವಿಷಯ ಮುಗಿಸೋಣ. ಬೀಟ್ ಭೇಟಿ ಅಂದರೆ ಮನೆ ತಪಾಸಣೆ ಅಲ್ಲ. ತಪಾಸಣೆಗೆ ಬೇರೆಯೇ ನಿಯಮ ಇದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ ತಪಾಸಣೆಗೆ ವಾರಂಟ್ ಬೇಕು. ತುರ್ತಾಗಿ ವಾರಂಟ್ ಇಲ್ಲದೆ ನಡೆಸುವುದಾದರೆ ಅಧಿಕಾರಿ ಅದಕ್ಕೆ ಕಾರಣ ಬರೆದಿಡಬೇಕು. ತಪಾಸಣೆಯ ವಿಡಿಯೊ ಚಿತ್ರೀಕರಣವೂ ಕಡ್ಡಾಯ. ಸುಮ್ನೆ ವಿಚಾರಿಸಲು ಬಂದ ಸಿಬ್ಬಂದಿ ಬೀರು ತೆಗೆಸುವ ಹಾಗಿಲ್ಲ. ನೀವು ಜಗಲಿಯಲ್ಲೇ ನಿಂತು ಮಾತಾಡಿ ಕಳಿಸಬಹುದು.

ವಿಚಾರಣೆಯ ಹೆಸರಿನಲ್ಲಿ ಹೆಂಗಸರನ್ನು, 15 ವರ್ಷದೊಳಗಿನ ಮಕ್ಕಳನ್ನು, 60 ದಾಟಿದವರನ್ನು ಠಾಣೆಗೆ ಕರೆಸುವಂತೆಯೂ ಇಲ್ಲ. ಸಾಕ್ಷಿ ಹೇಳಬೇಕಾದರೆ ಅವರಿರುವ ಕಡೆಗೇ ಪೊಲೀಸರು ಬರಬೇಕು. ಇದು ಹೊಸದೇನಲ್ಲ, ಹಳೆಯ ಕಾನೂನಿನಲ್ಲೂ ಸ್ವಲ್ಪ ವ್ಯತ್ಯಾಸದೊಂದಿಗೆ ಇತ್ತು.

ಇನ್ನೊಂದು ಭಯಕ್ಕೆ ನಿಜವಾದ ಆಧಾರವಿದೆ. ಪೊಲೀಸರ ವೇಷದಲ್ಲಿ ಬಂದು ಒಡವೆ ಬಿಚ್ಚಿಸಿಕೊಂಡು ಹೋಗುವವರು ಹಿಂದಿನಿಂದಲೂ ಇದ್ದಾರೆ. ಫೋನಿನಲ್ಲಿ ‘ಡಿಜಿಟಲ್ ಅರೆಸ್ಟ್’ ಅಂತ ಹೆದರಿಸುವವರು ಈಗ ಸೇರಿಕೊಂಡಿದ್ದಾರೆ. ಕಾನೂನಿನಲ್ಲಿ ಅಂಥ ಅರೆಸ್ಟೇ ಇಲ್ಲ. ಪೊಲೀಸರು ಮನೆಗೆ ಬರುವುದು ಮಾಮೂಲಾದಷ್ಟೂ ನಕಲಿಗಳಿಗೆ ದಾರಿ ಸಲೀಸು. ಹಾಗಾಗಿ ಬೀಟ್ ಸಿಬ್ಬಂದಿಯ ಹೆಸರು, ಫೋಟೊ, ನಂಬರ್ ಪಂಚಾಯಿತಿ ಕಚೇರಿಯ ಗೋಡೆ ಮೇಲೆ ಮೊದಲೇ ಇರಬೇಕು. ಜನ ಕೂಡ ಗುರುತಿನ ಚೀಟಿ ತೋರಿಸಿ ಎನ್ನಲು ಸಂಕೋಚಪಡಬಾರದು. ಅನುಮಾನ ಬಂದರೆ 112ಕ್ಕೆ ಒಂದು ಕರೆ ಸಾಕು.

ತಳವಾರ ಹೋದ, ಬೀಟ್ ಬಂತು

ಮೈಸೂರು ಸೀಮೆಯಲ್ಲಾಗಲಿ ಮುಂಬೈ ಕರ್ನಾಟಕದಲ್ಲಾಗಲಿ ಊರಿನ ಕಾವಲು ಬಹುಕಾಲ ಊರಿನವರ ಕೈಯಲ್ಲೇ ಇತ್ತು. ಪಟೇಲ, ಶ್ಯಾನುಭೋಗ, ತಳವಾರ, ತೋಟಿ. ಊರಿಗೆ ಹೊಸಬರು ಬಂದರೆ ತಳವಾರನಿಗೆ ಗೊತ್ತಾಗದೆ ಇರುತ್ತಿರಲಿಲ್ಲ. ಆದರೆ ಆ ವ್ಯವಸ್ಥೆ ನಿಂತಿದ್ದು ಜಾತಿ ಮತ್ತು ವಂಶದ ಮೇಲೆ. ಮೇಲಿನವರ ಮನೆಯ ತಪ್ಪು ಯಾವ ಕಡತಕ್ಕೂ ಏರುತ್ತಿರಲಿಲ್ಲ. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಇದಕ್ಕೆಲ್ಲ ತೆರೆ ಎಳೆಯಿತು, 1963ರ ಫೆಬ್ರವರಿಯಿಂದ ಜಾರಿಗೆ ಬಂತು. ಹೋಗಬೇಕಾದದ್ದು ಹೋಯಿತು.

ಖಾಲಿಯಾದ ಜಾಗ ತುಂಬಲು 1964ರಲ್ಲಿ ಗ್ರಾಮ ರಕ್ಷಣಾ ದಳಗಳ ಕಾಯ್ದೆ ಬಂತು. ಈ ಕಾಯ್ದೆಯ ಹೆಸರು ಇವತ್ತು ಎಷ್ಟು ಜನರಿಗೆ ಗೊತ್ತಿದೆ? ಅದರ ಗತಿ ಏನಾಯಿತೆಂದು ಊಹಿಸಲು ಈ ಪ್ರಶ್ನೆಯೇ ಸಾಕು. 2017ರಲ್ಲಿ ಹೊಸ ಬೀಟ್ ವ್ಯವಸ್ಥೆ ಬಂತು. ಠಾಣೆಯ ವ್ಯಾಪ್ತಿಯನ್ನು ಸಣ್ಣ ಸಣ್ಣ ಬೀಟುಗಳಾಗಿ ಹಂಚಿ, ಒಬ್ಬೊಬ್ಬ ಸಿಬ್ಬಂದಿಗೆ ಒಂದೊಂದು ವಹಿಸಿ, ಊರಿನವರ ಸಮಿತಿ ಮಾಡಿದರು. ಆಮೇಲೆ ಹಲವು ಕಡೆ ಕ್ಯೂಆರ್ ಕೋಡ್ ಬಂತು. ಗಸ್ತಿಗೆ ಹೋದವರು ಮೊಬೈಲ್‌ನಲ್ಲಿ ಸ್ಕ್ಯಾನ್ ಮಾಡಬೇಕು. ಅಂದರೆ ‘ಮನೆ ಮನೆಗೆ ಪೊಲೀಸ್’ ಆಕಾಶದಿಂದ ಉದುರಿದ್ದಲ್ಲ. ಬೀಟ್ ಇತ್ತು, ಸಮಿತಿ ಇತ್ತು. ಸಮಿತಿಯ ಬದಲು ನೇರವಾಗಿ ಮನೆಗೇ ಹೋಗುವುದು ಹೊಸದು. ನನ್ನ ಪ್ರಕಾರ ಯೋಜನೆಯಲ್ಲಿ ಬಹಳ ಒಳ್ಳೆಯ ಅಂಶ ಇದೇ. ಸಮಿತಿ ಅಂದ ಕೂಡಲೇ ಅದರಲ್ಲಿ ಕೂರುವವರು ಯಾರು? ಮಾಜಿ ಅಧ್ಯಕ್ಷರು, ಅಂಗಡಿ ಸಾಹುಕಾರರು, ಯಾವ ಸಭೆಗೆ ಹೋದರೂ ಮೊದಲ ಸಾಲಿನಲ್ಲಿ ಸಿಗುವವರು. ಊರ ಕೊನೆಯ ಕೇರಿಯ ಹೆಂಗಸಿನ ದೂರು ಅಲ್ಲಿಗೆ ತಲುಪುವುದೇ ಇಲ್ಲ.

ಬ್ಯಾಂಕ್ ಕಳವುಗಳಲ್ಲಿ ಕಾಣುವುದು

ಒಂದು ವರ್ಷದೊಳಗೆ ನಡೆದ ನಾಲ್ಕು ಘಟನೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 2024ರ ಅಕ್ಟೋಬರ್ ಕೊನೆಯಲ್ಲಿ ದಾವಣಗೆರೆ ಜಿಲ್ಲೆಯ ನ್ಯಾಮತಿಯ ಎಸ್‌ಬಿಐ ಶಾಖೆಯಿಂದ 17 ಕೆ.ಜಿ.ಗೂ ಹೆಚ್ಚು ಚಿನ್ನ ಹೋಯಿತು. 2025ರ ಜನವರಿ 17ರಂದು ಮಂಗಳೂರು ಬಳಿಯ ಕೋಟೆಕಾರಿನ ಸಹಕಾರಿ ಸಂಘದ ಶಾಖೆಗೆ ಹಾಡಹಗಲೇ ಆಯುಧ ಹಿಡಿದವರು ನುಗ್ಗಿದರು. ಮೇ ತಿಂಗಳಲ್ಲಿ ವಿಜಯಪುರ ಜಿಲ್ಲೆಯ ಮನಗೂಳಿಯ ಕೆನರಾ ಬ್ಯಾಂಕ್‌ನಿಂದ 58 ಕೆ.ಜಿ.ಗೂ ಹೆಚ್ಚು ಚಿನ್ನ ಕಳುವಾಯಿತು. ಸೆಪ್ಟೆಂಬರ್ 16ರಂದು ಅದೇ ಜಿಲ್ಲೆಯ ಚಡಚಣದ ಎಸ್‌ಬಿಐನಲ್ಲಿ ಸಿಬ್ಬಂದಿಯನ್ನು ಕಟ್ಟಿಹಾಕಿ ದರೋಡೆ ಮಾಡಿದರು.

ನಾಲ್ಕೂ ದೊಡ್ಡ ನಗರದ ನಡುಮಧ್ಯೆ ಆದದ್ದಲ್ಲ. ಕಾರಣ ಕಷ್ಟದ್ದೇನಲ್ಲ. ಸಣ್ಣ ಊರಿನ ಬ್ಯಾಂಕಿನಲ್ಲಿ ಸುತ್ತಲ ಹಳ್ಳಿಗಳ ಒಡವೆಯೆಲ್ಲ ಅಡವಿಟ್ಟಿರುತ್ತದೆ. ಚಿನ್ನದ ಬೆಲೆ ಏರಿದಂತೆ ಆ ಲಾಕರಿನ ತೂಕವೂ ಏರಿದೆ. ಕಾವಲು ಮಾತ್ರ ಚಿನ್ನ ಅಗ್ಗವಾಗಿದ್ದ ಕಾಲದಲ್ಲಿ ಇದ್ದಷ್ಟೇ.

ಇಲ್ಲಿ ನ್ಯಾಮತಿ ಪ್ರಕರಣ ಮುಖ್ಯ. ಕಳ್ಳರು ಕಿಟಕಿಯ ಸರಳು ಕತ್ತರಿಸಿ ಒಳಹೊಕ್ಕಿದ್ದರು. ಹೋಗುವಾಗ ಸಿಸಿಟಿವಿಯ ಡಿವಿಆರ್ ಪೆಟ್ಟಿಗೆಯನ್ನೇ ಎತ್ತಿಕೊಂಡು ಹೋದರು. ಕ್ಯಾಮೆರಾ ಇದ್ದರೂ ಚಿತ್ರ ಇಲ್ಲ. ಸುಮಾರು ಐದು ತಿಂಗಳ ನಂತರ, 2025ರ ಮಾರ್ಚ್ ಕೊನೆಗೆ, ಪೊಲೀಸರು ಚಿನ್ನದ ಹೆಚ್ಚಿನ ಪಾಲನ್ನು ತಮಿಳುನಾಡಿನ ಉಸಿಲಂಪಟ್ಟಿ ಕಡೆಯ ಬಾವಿಯೊಂದರಿಂದ ಮೇಲೆತ್ತಿದರು. ಪೊಲೀಸರ ಪ್ರಕಾರ ಸಂಚು ಮಾಡಿದವರು ಅದೇ ಊರಿನಲ್ಲಿ ವ್ಯಾಪಾರ ಮಾಡಿಕೊಂಡಿದ್ದವರು. ಮನಗೂಳಿಯಲ್ಲೂ ಸಿಕ್ಕಿಬಿದ್ದವರಲ್ಲಿ ಹಿಂದೆ ಅದೇ ಶಾಖೆಯಲ್ಲಿ ಕೆಲಸ ಮಾಡಿದವರು ಇದ್ದಾರೆ ಎಂದು ಪೊಲೀಸರು ಹೇಳಿದರು. ಆರೋಪಗಳು ಸಾಬೀತಾಗುವುದು ನ್ಯಾಯಾಲಯದಲ್ಲಿ, ಅದು ಬೇರೆ ಮಾತು. ಆದರೆ ‘ಹೊರಗಿನವರ ಮೇಲೆ ಕಣ್ಣಿಡಿ’ ಎಂಬ ಊರ ಕಾವಲಿನ ಹಳೆಯ ಸೂತ್ರ ಇಂಥ ಕಡೆ ಕೆಲಸಕ್ಕೆ ಬರುವುದಿಲ್ಲ ಅನ್ನೋದಂತೂ ಸ್ಪಷ್ಟ.

ಚಡಚಣದ್ದು ಇನ್ನೊಂದು ಬಗೆ. ದರೋಡೆ ಮಾಡಿದವರು ಗಡಿ ದಾಟಿ ಮಹಾರಾಷ್ಟ್ರದ ಸೋಲಾಪುರ ಜಿಲ್ಲೆ ಕಡೆ ಓಡಿದರು. ಬಂದೂಕು ಹಿಡಿದು ಬಂದ ತಂಡವನ್ನು ಬೀಟ್ ಕಾನ್‌ಸ್ಟೇಬಲ್‌ನ ನೋಟ್‌ಬುಕ್ ತಡೆಯಲಾರದು. ಅದಕ್ಕೆ ಬ್ಯಾಂಕಿನ ಅಲಾರಂ, ಬಂದೂಕುಧಾರಿ ಕಾವಲು, ಗಡಿಯಾಚೆಯ ಠಾಣೆಯ ಜತೆ ನೇರ ಸಂಪರ್ಕ ಬೇಕು. ಮನೆ ಭೇಟಿಯ ಯೋಜನೆಯನ್ನು ಬ್ಯಾಂಕ್ ದರೋಡೆಯ ಅಳತೆಯಲ್ಲಿ ತೂಗುವುದು ತಪ್ಪು. ಅದನ್ನು ತೂಗಬೇಕಾದ್ದು ಬೇರೆ ಕಳ್ಳತನಗಳ ಮೇಲೆ.

ಕೇಬಲ್ ಕಳ್ಳತನ ಮತ್ತು 5,000 ರೂಪಾಯಿಯ ಗೆರೆ

ಹಳ್ಳಿಯವರನ್ನು ದಿನನಿತ್ಯ ಕಾಡುವುದು ಬ್ಯಾಂಕ್ ದರೋಡೆ ಅಲ್ಲ. ಬೋರ್‌ವೆಲ್‌ನ ತಾಮ್ರದ ಕೇಬಲ್, ಸ್ಟಾರ್ಟರ್, ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆ, ಕೊಟ್ಟಿಗೆಯ ಕುರಿ, ದೇವಸ್ಥಾನದ ಹುಂಡಿ. ಇವು ಪತ್ರಿಕೆಯಲ್ಲಿ ಬಂದರೆ ಎರಡು ಸಾಲು. ಎಷ್ಟೋ ಸಲ ಠಾಣೆವರೆಗೂ ಹೋಗುವುದಿಲ್ಲ.

ಇಲ್ಲೇ ಹೊಸ ಕಾನೂನು ಒಂದು ತೊಡಕು ತಂದಿದೆ. ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಂ ಪ್ರಕಾರ ಕದ್ದ ಮಾಲಿನ ಬೆಲೆ 5,000 ರೂಪಾಯಿಗಿಂತ ಕಡಿಮೆ ಇದ್ದು, ಕದ್ದವನು ಮೊದಲ ಬಾರಿಗೆ ತಪ್ಪಿತಸ್ಥನಾಗಿದ್ದು, ಮಾಲನ್ನೋ ಬೆಲೆಯನ್ನೋ ವಾಪಸ್ ಕೊಟ್ಟರೆ ಜೈಲಿಲ್ಲ. ಸಮುದಾಯ ಸೇವೆಯೇ ಶಿಕ್ಷೆ. ಇದರ ಉದ್ದೇಶ ಒಳ್ಳೆಯದು. ಹಸಿವಿಗೋ ಚಪಲಕ್ಕೋ ಮೊದಲ ಸಲ ಕೈ ಹಾಕಿದ ಹುಡುಗನನ್ನು ಜೈಲಿಗೆ ಹಾಕಿದರೆ ಅಲ್ಲಿಂದ ಪಕ್ಕಾ ಕಳ್ಳನಾಗಿ ಹೊರಬರುವ ಸಾಧ್ಯತೆಯೇ ಜಾಸ್ತಿ.

ತೊಡಕು ಇರುವುದು ಶಿಕ್ಷೆಯಲ್ಲಿ ಅಲ್ಲ, ಪಟ್ಟಿಯಲ್ಲಿ. 5,000ಕ್ಕಿಂತ ಕಡಿಮೆ ಬೆಲೆಯ ಕಳ್ಳತನವನ್ನು ಅಸಂಜ್ಞೇಯ ಅಪರಾಧಗಳ ಸಾಲಿಗೆ ಸೇರಿಸಿದ್ದಾರೆ. ಹಾಗೆಂದರೆ ಮ್ಯಾಜಿಸ್ಟ್ರೇಟ್ ಆದೇಶ ಇಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ, ವಾರಂಟ್ ಇಲ್ಲದೆ ಬಂಧಿಸುವಂತಿಲ್ಲ. ಠಾಣೆಯಲ್ಲಿ ದೂರನ್ನು ಪುಸ್ತಕದಲ್ಲಿ ಬರೆದುಕೊಂಡು, ‘ಕೋರ್ಟಿಗೆ ಹೋಗಿ’ ಎಂದು ಹಿಂಬರಹ ಕೊಟ್ಟು ಕಳಿಸುತ್ತಾರೆ. ಕಳ್ಳ ಯಾರು, ಅವನಿಗಿದು ಎಷ್ಟನೇ ಸಲ ಅನ್ನೋದು ಗೊತ್ತಾಗುವುದೇ ತನಿಖೆ ಆದ ಮೇಲೆ. ಮಾಲಿನ ಬೆಲೆ ಮಾತ್ರ ಮೊದಲ ದಿನವೇ ಬಾಗಿಲು ಮುಚ್ಚಿಬಿಡುತ್ತದೆ.

ರೈತನ ಲೆಕ್ಕದಲ್ಲಿ ನೋಡಿ. ಬೋರ್‌ವೆಲ್‌ನಿಂದ ಕತ್ತರಿಸಿದ ತುಂಡು ಕೇಬಲ್‌ನ ಬೆಲೆ 5,000 ದಾಟದೇ ಇರಬಹುದು. ಆದರೆ ಬೇಸಿಗೆಯಲ್ಲಿ ಒಂದು ವಾರ ಮೋಟರ್ ನಿಂತರೆ ಬೆಳೆ ಬಾಡುತ್ತದೆ. ಕಾನೂನು ಲೆಕ್ಕ ಹಾಕುವುದು ಕೇಬಲ್‌ನ ಬೆಲೆಯನ್ನು, ಬೆಳೆಯದ್ದನ್ನಲ್ಲ. ಹೀಗೆ ಹತ್ತು ಜನರ ತೋಟದಲ್ಲಿ ಒಂದೇ ತಂಡ ಕೇಬಲ್ ಕತ್ತರಿಸಿದರೂ ಹತ್ತೂ ಬಿಡಿ ಬಿಡಿ ಸಣ್ಣ ಕಳ್ಳತನಗಳಾಗಿ ಪುಸ್ತಕದಲ್ಲೇ ಉಳಿಯುವ ಅಪಾಯ ಇದೆ.

ಹಾಗಂತ ಎಲ್ಲ ಸಣ್ಣ ಕಳ್ಳತನಕ್ಕೂ ಇದೇ ಗತಿ ಅಲ್ಲ. ವಾಸದ ಮನೆ, ಮಾಲು ಇಡುವ ಕಟ್ಟಡ, ದೇವರ ವಿಗ್ರಹ, ಸರ್ಕಾರದ ಆಸ್ತಿ ಇವುಗಳ ಕಳ್ಳತನಕ್ಕೆ 305ನೇ ಕಲಂ ಇದೆ. ಅಲ್ಲಿ ಬೆಲೆಯ ಗೆರೆ ಇಲ್ಲ, ಏಳು ವರ್ಷದವರೆಗೆ ಶಿಕ್ಷೆ, ಪೊಲೀಸರು ನೇರವಾಗಿ ತನಿಖೆ ಮಾಡಬಹುದು. ಬಯಲಲ್ಲಿದ್ದ ಕೇಬಲ್ ಹೋದರೆ ಒಂದು ಕಲಂ, ಬೀಗ ಹಾಕಿದ ಪಂಪ್‌ಹೌಸ್‌ನಿಂದ ಹೋದರೆ ಇನ್ನೊಂದು. ವಿದ್ಯುತ್ ಕಂಪನಿಯ ತಂತಿ ಕದ್ದರೆ 2003ರ ವಿದ್ಯುತ್ ಕಾಯ್ದೆಯೇ ಬೇರೆ ಇದೆ. ದೂರು ಬರೆಯುವಾಗ ‘ಕೇಬಲ್ ಕಳುವಾಗಿದೆ’ ಅಂತ ಒಂದೇ ಸಾಲು ಬರೆದರೆ ಈ ವ್ಯತ್ಯಾಸ ಕಾಣುವುದಿಲ್ಲ. ಎಲ್ಲಿಂದ ಹೋಯಿತು, ಬೀಗ ಇತ್ತಾ, ಒಟ್ಟು ಬೆಲೆ ಎಷ್ಟು, ಬಿಲ್ ಇದೆಯಾ, ಇದೆಲ್ಲ ಬರೆಯಬೇಕು.

ಬೀಟ್ ಭೇಟಿ ನಿಜವಾಗಿ ಉಪಯೋಗಕ್ಕೆ ಬರುವುದು ಇಲ್ಲೇ. ಒಂದೇ ಹೋಬಳಿಯ ಹತ್ತು ಮನೆಗಳಲ್ಲಿ ‘ನಮ್ಮಲ್ಲೂ ಕೇಬಲ್ ಹೋಯ್ತು’ ಎಂಬ ಮಾತು ಒಬ್ಬನೇ ಸಿಬ್ಬಂದಿಯ ಕಿವಿಗೆ ಬಿದ್ದರೆ, ಇದು ಒಂದೇ ತಂಡದ ಕೆಲಸ ಎಂದು ಅವನಿಗೆ ಹೊಳೆಯುತ್ತದೆ. ಯಾವ ದಿನ, ಯಾವ ದಾರಿ, ತಾಮ್ರ ಯಾವ ಗುಜರಿ ಅಂಗಡಿಗೆ ಹೋಗುತ್ತಿದೆ ಅಂತ ನೋಡಬಹುದು. ಹತ್ತು ಹಿಂಬರಹಗಳಿಂದ ಈ ಚಿತ್ರ ಮೂಡುವುದಿಲ್ಲ.

ಊರೇ ಕಾವಲಿಗೆ ನಿಂತರೆ?

‘ಪೊಲೀಸರನ್ನು ನಂಬಿ ಕೂತರೆ ಆಗಲ್ಲ, ನಾವೇ ರಾತ್ರಿ ಗಸ್ತು ಮಾಡೋಣ’ ಎಂಬ ಮಾತು ಸರಣಿ ಕಳ್ಳತನ ಆದ ಊರುಗಳಲ್ಲಿ ಕೇಳಿಬರುತ್ತದೆ. ಸಿಟ್ಟು ಅರ್ಥವಾಗುವಂಥದ್ದೇ. ಆದರೆ 2018ರ ಜುಲೈ 13ರಂದು ಬೀದರ್ ಜಿಲ್ಲೆ ಔರಾದ್ ತಾಲ್ಲೂಕಿನ ಮುರ್ಕಿಯಲ್ಲಿ ಏನಾಯಿತು? ಆ ಕಡೆಗೆ ಬಂದಿದ್ದ ಕೆಲವು ಯುವಕರನ್ನು ಮಕ್ಕಳ ಕಳ್ಳರೆಂದು ಶಂಕಿಸಿದರು. ಸುದ್ದಿ ವಾಟ್ಸ್‌ಆ್ಯಪ್‌ನಲ್ಲಿ ಅವರ ಕಾರಿಗಿಂತ ಮುಂಚೆ ಮುಂದಿನ ಊರು ಮುಟ್ಟಿತ್ತು. ಗುಂಪು ಕಾರು ತಡೆದು ಹೊಡೆಯಿತು. ಹೈದರಾಬಾದಿನ ಯುವ ಎಂಜಿನಿಯರ್ ಒಬ್ಬರು ಸತ್ತರು. ಬಿಡಿಸಲು ಹೋದ ಪೊಲೀಸರಿಗೂ ಗಾಯವಾಯಿತು. ಹೊಡೆದವರು ಕಳ್ಳರೇನಲ್ಲ, ಊರನ್ನು ಕಾಯುತ್ತಿದ್ದೇವೆ ಎಂದು ನಂಬಿದವರು.

ಪೊಲೀಸರೇ ಜನರ ಕೈಗೆ ಲಾಠಿಯ ಅಧಿಕಾರ ಕೊಟ್ಟರೂ ಅಪಾಯವೇ. ತಮಿಳುನಾಡಿನಲ್ಲಿ 1993ರಲ್ಲಿ ರಾಮನಾಥಪುರದಿಂದ ಶುರುವಾದ ‘ಫ್ರೆಂಡ್ಸ್ ಆಫ್ ಪೊಲೀಸ್’ ಒಳ್ಳೆಯ ಹೆಸರು ಮಾಡಿತ್ತು. 2020ರಲ್ಲಿ ಸಾತಾನ್‌ಕುಳಂ ಠಾಣೆಯಲ್ಲಿ ಹಿಂಸೆಗೆ ಒಳಗಾದ ತಂದೆ-ಮಗ ಸತ್ತಾಗ ಸ್ವಯಂಸೇವಕರ ಮೇಲೂ ಆರೋಪ ಬಂತು. ಅದೇ ಜುಲೈನಲ್ಲಿ ಸರ್ಕಾರ ಆ ವ್ಯವಸ್ಥೆಯನ್ನೇ ನಿಷೇಧಿಸಿತು.

ಹಾಗಾದರೆ ಊರಿನವರ ಪಾಲು ಎಲ್ಲಿವರೆಗೆ? ನೋಡುವುದು, ಹೇಳುವುದು, 112ಕ್ಕೆ ಕರೆ ಮಾಡುವುದು. ತಡೆದು ನಿಲ್ಲಿಸುವುದು, ಕಟ್ಟಿಹಾಕುವುದು, ಹೊಡೆಯುವುದು ಅವರ ಕೆಲಸ ಅಲ್ಲ. ಜನಾಂಗ, ಜಾತಿ, ಭಾಷೆಯಂಥ ಕಾರಣ ಹಿಡಿದು ಐದು ಅಥವಾ ಹೆಚ್ಚು ಜನ ಸೇರಿ ಕೊಂದರೆ ನ್ಯಾಯ ಸಂಹಿತೆಯ 103ನೇ ಕಲಂನಲ್ಲಿ ಪ್ರತಿಯೊಬ್ಬರಿಗೂ ಗಲ್ಲು ಅಥವಾ ಜೀವಾವಧಿ ಇದೆ.

ಪರ, ವಿರೋಧ ಮತ್ತು ಪ್ರಯೋಗಗಳು

ಇಲಾಖೆಯ ವಾದ ಇದು: ಜನ ಠಾಣೆಗೆ ಬರಲು ಹೆದರುತ್ತಾರೆ, ಹಾಗಾಗಿ ಠಾಣೆಯೇ ಜನರ ಬಳಿ ಹೋಗಲಿ. ಕೇರಳ 2008ರಲ್ಲಿ ‘ಜನಮೈತ್ರಿ’ ಹೆಸರಲ್ಲಿ 20 ಠಾಣೆಗಳಿಂದ ಇಂಥದ್ದನ್ನೇ ಶುರು ಮಾಡಿ ಆಮೇಲೆ ಹರಡಿತು. ಜಪಾನಿನ ಹಳ್ಳಿಗಳಲ್ಲಿ ಪೊಲೀಸ್ ಚೌಕಿಯ ಜತೆಗೇ ಮನೆ ಇದೆ. ಅಧಿಕಾರಿ ಸಂಸಾರ ಸಮೇತ ಅಲ್ಲೇ ಇರುತ್ತಾನೆ, ಮನೆ ಮನೆಗೆ ಹೋಗಿ ಮಾತಾಡಿಸುತ್ತಾನೆ.

ವಿರೋಧಿಸುವವರು ಹೇಳುವುದು ಎರಡು. ಒಂದು, ಮನೆಮನೆಯ ಮಾಹಿತಿ ಪೊಲೀಸರ ಕೈಗೆ ಹೋದರೆ ಅದು ನಾಳೆ ಯಾವುದಕ್ಕೆ ಬಳಕೆಯಾಗುತ್ತದೋ? ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರಲ್ಲೇ ಹೇಳಿದೆ. ಬರೆದುಕೊಂಡದ್ದನ್ನು ಎಷ್ಟು ದಿನ ಇಡುತ್ತಾರೆ, ಯಾರು ನೋಡಬಹುದು ಎಂಬುದಕ್ಕೆ ಲಿಖಿತ ನಿಯಮ ಇರಲೇಬೇಕು. ಎರಡನೆಯದು, ಸಿಬ್ಬಂದಿಯೇ ಸಾಲದಿರುವಾಗ ಇದೊಂದು ಫೋಟೊ ಕಾರ್ಯಕ್ರಮ ಆಗಿಬಿಡುತ್ತದೆ ಎಂಬುದು.

ಎರಡನೆಯ ಅನುಮಾನಕ್ಕೆ ಗಟ್ಟಿ ಆಧಾರ ಇದೆ. ಬ್ರೆಜಿಲ್, ಕೊಲಂಬಿಯಾ, ಲೈಬೀರಿಯಾ, ಪಾಕಿಸ್ತಾನ, ಫಿಲಿಪ್ಪೀನ್ಸ್, ಉಗಾಂಡ ಈ ಆರು ದೇಶಗಳಲ್ಲಿ ಒಟ್ಟಿಗೆ ನಡೆದ ಪ್ರಯೋಗದ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಸಮುದಾಯ ಪೊಲೀಸಿಂಗ್‌ನಿಂದ ಅಪರಾಧವೂ ಇಳಿಯಲಿಲ್ಲ, ನಂಬಿಕೆಯೂ ಹೆಚ್ಚಲಿಲ್ಲ. ಸಂಶೋಧಕರು ಕೊಟ್ಟ ಕಾರಣಗಳು ನಮಗೆ ಬಹಳ ಪರಿಚಿತ: ಮೇಲಧಿಕಾರಿಗಳ ಅರೆಮನಸ್ಸು, ಮತ್ತೆ ಮತ್ತೆ ವರ್ಗಾವಣೆ, ಜನರ ದೂರಿಗೆ ಸ್ಪಂದಿಸಲು ಸಾಧನಗಳಿಲ್ಲ.

ನಮ್ಮ ದೇಶದ್ದೇ ಉದಾಹರಣೆ ಬೇಕಾದರೆ ರಾಜಸ್ಥಾನ ಇದೆ. ಮುಂದೆ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಅಲ್ಲಿನ ಪೊಲೀಸರ ಜತೆ ಸೇರಿ ಹಲವು ಸುಧಾರಣೆಗಳನ್ನು ಪರೀಕ್ಷಿಸಿದರು. ಠಾಣೆಯಲ್ಲಿ ಊರಿನವರನ್ನು ವೀಕ್ಷಕರಾಗಿ ಕೂರಿಸಿದರು, ವಾರದ ರಜೆ ಕೊಟ್ಟರು, ಸರದಿ ಪ್ರಕಾರ ಕೆಲಸ ಹಂಚಿದರು. ಠಾಣಾಧಿಕಾರಿಗಳೇ ಜಾರಿಗೆ ತರಬೇಕಿದ್ದ ಇವೆಲ್ಲ ಹೆಚ್ಚುಕಮ್ಮಿ ಕಾಗದದಲ್ಲೇ ಉಳಿದವು. ಫಲ ಕೊಟ್ಟಿದ್ದು ಎರಡು: ಸಿಬ್ಬಂದಿಗೆ ತರಬೇತಿ ಕೊಟ್ಟಿದ್ದು ಮತ್ತು ವರ್ಗಾವಣೆ ನಿಲ್ಲಿಸಿದ್ದು.

ಬಂದೋಬಸ್ತ್ ಎಂಬ ಬಾವಿ

ವರ್ಗಾವಣೆಯಷ್ಟೇ ದೊಡ್ಡ ಶತ್ರು ಬಂದೋಬಸ್ತ್. ಗಣೇಶನ ಮೆರವಣಿಗೆ, ಜಾತ್ರೆ, ಚುನಾವಣೆ, ಪ್ರತಿಭಟನೆ, ಸಚಿವರ ಪ್ರವಾಸ. ಮಧ್ಯೆ ಸಮನ್ಸ್ ಜಾರಿ, ಕೋರ್ಟ್ ಡ್ಯೂಟಿ, ಪಾಸ್‌ಪೋರ್ಟ್ ಪರಿಶೀಲನೆ. ಕೋಟೆಕಾರು ದರೋಡೆ ನಡೆದ ದಿನ ಮುಖ್ಯಮಂತ್ರಿ ಮಂಗಳೂರಿನಲ್ಲಿದ್ದರು. ಅದರಿಂದಲೇ ದರೋಡೆ ಆಯಿತು ಅಂತ ಹೇಳಲಾಗದು. ಆದರೆ ಇಂಥ ದಿನ ಸಣ್ಣ ಠಾಣೆಯಲ್ಲಿ ಎಷ್ಟು ಜನ ಉಳಿದಿರುತ್ತಾರೆ ಎನ್ನುವುದು ಕಳ್ಳರಿಗೂ ಗೊತ್ತಿರುವ ಲೆಕ್ಕ.

ಸುಪ್ರೀಂ ಕೋರ್ಟ್ 2006ರ ಸೆಪ್ಟೆಂಬರ್ 22ರಂದು ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ತನಿಖೆ ಮತ್ತು ಕಾನೂನು-ಸುವ್ಯವಸ್ಥೆಯ ಕೆಲಸವನ್ನು ಬೇರೆ ಮಾಡಿ ಎಂದಿತ್ತು. ದೊಡ್ಡ ಠಾಣೆಗಳಲ್ಲಿ ಒಂದಿಷ್ಟು ಆಗಿರಬಹುದು. ಹೋಬಳಿ ಮಟ್ಟದ ಠಾಣೆಯಲ್ಲಿ ಕೇಸ್ ಬರೆಯುವ, ಕಳ್ಳನನ್ನು ಹಿಡಿಯುವ, ಜಾತ್ರೆಯಲ್ಲಿ ಹಗ್ಗ ಹಿಡಿದು ನಿಲ್ಲುವ ಸಿಬ್ಬಂದಿ ಬಹುತೇಕ ಒಬ್ಬರೇ. ಅವರ ಮೇಲೆ ಈಗ 40–50 ಮನೆಗಳ ಗುಂಪುಗಳ ಭೇಟಿಯೂ ಬಿತ್ತು. ಯಾವುದನ್ನೂ ಇಳಿಸದೆ ಇನ್ನೊಂದನ್ನು ಹೊರಿಸಿದರೆ ಏನಾಗುತ್ತದೆ? ಭೇಟಿ ಸ್ಕ್ಯಾನ್ ಆಗುತ್ತದೆ, ಫೋಟೊ ಗ್ರೂಪಿಗೆ ಬೀಳುತ್ತದೆ, ಮಾತುಕತೆ ಎರಡು ನಿಮಿಷಕ್ಕೆ ಮುಗಿಯುತ್ತದೆ. ಮುಂದಿನ ಸಲ ಬೇರೆ ಮುಖ ಬರುತ್ತದೆ. ಹೊಸಬರಿಗೆ ಮತ್ತೆ ಮೊದಲಿನಿಂದ ಹೇಳುವ ತಾಳ್ಮೆ ಯಾರಿಗೂ ಇರುವುದಿಲ್ಲ.

ಬೀಟ್ ಸಿಬ್ಬಂದಿಯನ್ನು ಕನಿಷ್ಠ ಎರಡು ವರ್ಷ ಅದೇ ಬೀಟ್‌ನಲ್ಲಿ ಇಟ್ಟು, ವಾರದ ಕೆಲವು ದಿನವಾದರೂ ಬಂದೋಬಸ್ತ್‌ನಿಂದ ಬಿಡಿಸಿ, ಬಂದ ದೂರುಗಳಲ್ಲಿ ಎಷ್ಟು ಇತ್ಯರ್ಥವಾದವು ಅಂತ ಗ್ರಾಮಸಭೆಯಲ್ಲಿ ಹೇಳುವಂತೆ ಮಾಡಿದರೆ ಕಥೆ ಬೇರೆ. ಇದಕ್ಕೆ ಹೊಸ ಕಾನೂನೂ ಬೇಡ, ಆ್ಯಪ್ ಕೂಡ ಬೇಡ.

ದೂರು ಕೊಡುವವರಿಗೆ ಇರುವ ದಾರಿ

ಯೋಜನೆ ಹೇಗೇ ನಡೆಯಲಿ, ಕಾನೂನಿನಲ್ಲಿ ಈಗಲೇ ಇರುವ ಕೆಲವು ಹಕ್ಕುಗಳನ್ನು ಬಳಸಿಕೊಳ್ಳಬಹುದು. ಬೀಟ್ ಪೊಲೀಸರಿಗೆ ಬಾಯಲ್ಲಿ ಹೇಳಿದ್ದು ತಾನಾಗಿಯೇ ಎಫ್‌ಐಆರ್ ಆಗುವುದಿಲ್ಲ. ಗಂಭೀರ ವಿಷಯವಾದರೆ ಲಿಖಿತ ದೂರು ಕೊಡಿ. ಯಾವ ಠಾಣೆಗೆ ಬೇಕಾದರೂ ಕೊಡಬಹುದು, ವ್ಯಾಪ್ತಿ ನಮ್ಮದಲ್ಲ ಅಂತ ವಾಪಸ್ ಕಳಿಸುವಂತಿಲ್ಲ. ಆನ್‌ಲೈನ್‌ನಲ್ಲಿ ಕೊಟ್ಟರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿ ಉಚಿತ. ತನಿಖೆ ಎಲ್ಲಿಗೆ ಬಂತು ಅನ್ನೋದನ್ನು 90 ದಿನದೊಳಗೆ ದೂರುದಾರರಿಗೆ ತಿಳಿಸುವುದು ಪೊಲೀಸರ ಕರ್ತವ್ಯ.

ಸಂಜ್ಞೇಯ ಅಪರಾಧವಾಗಿದ್ದೂ, ಅಂದರೆ ಪೊಲೀಸರೇ ನೇರವಾಗಿ ತನಿಖೆ ಮಾಡಬಹುದಾದ ಅಪರಾಧವಾಗಿದ್ದೂ, ಠಾಣೆಯಲ್ಲಿ ಎಫ್‌ಐಆರ್ ದಾಖಲಿಸದಿದ್ದರೆ ದೂರನ್ನು ಅಂಚೆಯಲ್ಲಿ ಎಸ್‌ಪಿಗೆ ಕಳಿಸಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಬಳಿ ಅರ್ಜಿ ಹಾಕಬಹುದು. ಅಸಂಜ್ಞೇಯ ಅಂತ ಹಿಂಬರಹ ಬಂದರೂ ಅದನ್ನು ಹರಿದು ಎಸೆಯಬೇಡಿ. ಅಂಥ ಪ್ರಕರಣಗಳ ದಿನಚರಿ ವರದಿ ಹದಿನೈದು ದಿನಕ್ಕೊಮ್ಮೆ ಮ್ಯಾಜಿಸ್ಟ್ರೇಟ್‌ಗೆ ಹೋಗಬೇಕು ಎಂಬ ನಿಯಮ ಈಗ ಇದೆ. ಊರಿನಲ್ಲಿ ಕೇಬಲ್ ಕಳೆದುಕೊಂಡ ಹತ್ತು ಜನ ತಮ್ಮ ಹತ್ತು ಹಿಂಬರಹಗಳನ್ನು ಒಟ್ಟಿಗೆ ಜೋಡಿಸಿ, ಇವೆಲ್ಲ ಒಂದೇ ತಂಡದ ಕೆಲಸ ಅನ್ನಿಸುತ್ತದೆ, ತನಿಖೆಗೆ ಆದೇಶಿಸಿ ಎಂದು ಕೇಳಿದರೆ ಆ ಅರ್ಜಿಗೆ ಬಿಡಿ ದೂರಿಗಿಂತ ಬಲ ಜಾಸ್ತಿ.